ಗಿಳಿ ಕೂತ ಮೂಲೆ

ಸೂಳಗಿರಿಯ ನಮ್ಮಜ್ಜಿಯ ಮನೆಯಲ್ಲಿ ನಡುಮನೆಯ ಗೋಡೆ ಒಂದು ಮೊಳ ದಪ್ಪ. ಕಲ್ಲು ಮಣ್ಣು ಸೇರಿಸಿ ಕಟ್ಟಿ, ಮೇಲೆ ಗಾರೆ ಬಳಿದ ಗೋಡೆ. ಅದರೊಳಗೆ ಒಂದು ಗೂಡು. ಹಕ್ಕಿಯದಲ್ಲ, ದೀಪದ್ದು. ನಮ್ಮೂರ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಒಟ್ಟೊಟ್ಟಿಗೆ ಓಡಾಡುತ್ತವೆ. ಕನ್ನಡದವರೂ ತೆಲುಗಿನವರೂ ಅದನ್ನು ಗೂಡು ಅಂತಲೇ ಕರೆಯುತ್ತಾರೆ, ತಮಿಳಿನವರು ಮಾಡಂ ಅನ್ನುತ್ತಾರೆ. ಗೂಡಿನ ತಳ ಚಪ್ಪಟೆ, ಎರಡು ಪಕ್ಕ ನೆಟ್ಟಗೆ, ನೆತ್ತಿ ಮಾತ್ರ ಕಾಮನಬಿಲ್ಲಿನ ಹಾಗೆ ಬಾಗಿದ್ದು. ಸಂಜೆ ಕರೆಂಟು ಹೋದರೆ ಅಜ್ಜಿ ಹರಳೆಣ್ಣೆಯ ಹಣತೆ ಹಚ್ಚಿ ಅಲ್ಲಿಡುತ್ತಿದ್ದಳು. ವರ್ಷಗಟ್ಟಲೆ ಹೊಗೆ ಕುಡಿದು ಗೂಡಿನ ಒಳನೆತ್ತಿ ಕಾಡಿಗೆ ಮೆತ್ತಿದಷ್ಟು ಕಪ್ಪಾಗಿತ್ತು.

ಗೂಡಿನ ಸುತ್ತ ಬೆರಳಗಲದ ಗಾರೆಪಟ್ಟಿ, ಅದಕ್ಕೆ ಕೆಮ್ಮಣ್ಣಿನ ಬಣ್ಣ. ಪಟ್ಟಿ ಚೌಕವಾಗಿತ್ತು, ಕಮಾನು ದುಂಡಗಿತ್ತು. ಹಾಗಾಗಿ ಮೇಲೆ ಎಡಕ್ಕೊಂದು, ಬಲಕ್ಕೊಂದು ಮೂಲೆ ಉಳಿದುಕೊಂಡಿತ್ತು. ಎರಡು ಮೂಲೆಗೂ ಎರಡು ಹಸಿರು ಗಿಳಿ, ಎದುರುಬದುರು ಮುಖ ಮಾಡಿಕೊಂಡು. ಗಿಳಿಯ ತಲೆ, ಕೆಂಪು ಕೊಕ್ಕು, ಎದೆ ಎಲ್ಲ ಮೇಲಿನ ಅಗಲವಾದ ಜಾಗದಲ್ಲಿ. ಬಾಲ ಮಾತ್ರ ಕಮಾನಿನ ಬೆನ್ನಿನ ಗುಂಟ ಇಳಿದು ಇಳಿದು, ಕೊನೆಗೆ ಹುಲ್ಲಿನೆಳೆಯಷ್ಟು ಸಣ್ಣಗಾಗಿ ಮುಗಿಯುತ್ತಿತ್ತು.

ಒಂದು ಬೇಸಗೆ ರಜೆಯಲ್ಲಿ ಆ ಗೋಡೆಯ ಗಾರೆ ಅಲ್ಲಲ್ಲಿ ಉದುರಿತು. ಸರಿಮಾಡಲು ವಯಸ್ಸಾದ ಮೇಸ್ತ್ರಿಯೊಬ್ಬರು ಬಂದರು. ನನಗೆ ಆಗ ಒಂಬತ್ತು ವರ್ಷ, ಬಾಯಿ ಸುಮ್ಮನಿರುತ್ತಿರಲಿಲ್ಲ.

"ಮೇಸ್ತ್ರಿ ತಾತ, ಇಲ್ಲಿ ಗಿಳಿ ಯಾಕೆ ಬರೆದವ್ರೆ?"

"ಜಾಗ ಉಳೀತಲ್ಲ ಪಾಪಾ, ಅದಕ್ಕೆ."

"ಜಾಗ ಯಾಕೆ ಉಳೀತು?"

ಮೇಸ್ತ್ರಿ ಕರಣೆ ಕೆಳಗಿಟ್ಟರು. "ಗೂಡು ದುಂಡಗೆ ಮಾಡಿದ್ದು ನಾವು. ಪಟ್ಟಿ ಚೌಕ ಎಳೆದಿದ್ದೂ ನಾವು. ಮೂಲೆ ಮಾತ್ರ ನಾವು ಮಾಡಿದ್ದಲ್ಲ. ಅದು ತಾನಾಗೇ ಬಂತು."

ಮಕ್ಕಳೇ, ಹಾಗೆ ತಾನಾಗಿ ಬಂದ ಮೂಲೆಯ ಕಥೆಯನ್ನೇ ಈಗ ಹೇಳಹೊರಟಿದ್ದೇನೆ. ಇಂಗ್ಲಿಷಿನಲ್ಲಿ ಅದಕ್ಕೆ ಸ್ಪ್ಯಾಂಡ್ರೆಲ್ ಅಂತ ಹೆಸರು. ಕಮಾನನ್ನು ಒಂದು ತಲೆ ಅಂದುಕೊಂಡರೆ, ಈ ಮೂಲೆಗಳು ಅದರ ಹೆಗಲ ಮೇಲಿನ ಜಾಗ. ಅದಕ್ಕೇ ನಾನು ಹೆಗಲುಮೂಲೆ ಅನ್ನುತ್ತೇನೆ. ನೀವೂ ಹಾಗೇ ಅನ್ನಬಹುದು.

ಮೊದಲು ಕಮಾನು ಯಾಕೆ ಬೇಕಾಯಿತು ಅಂತ ನೋಡೋಣ. ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯಲ್ಲಿ ಸೂಳಗಿರಿ ಬಂತು ಅಂತ ಯಾರೂ ಹೇಳಬೇಕಾಗಿಲ್ಲ, ಬೆಟ್ಟವೇ ಹೇಳುತ್ತದೆ. ಶೂಲದ ಹಾಗೆ ಎದ್ದು ನಿಂತ ಕಲ್ಲುಬೆಟ್ಟ. ನಮ್ಮದು ಕಲ್ಲಿನ ಸೀಮೆ. ಹೊಲದ ಬೇಲಿಗೆ ಕಲ್ಲುಕಂಬ, ಮೋರಿಗೆ ಕಲ್ಲುಚಪ್ಪಡಿ, ಬಟ್ಟೆ ಒಗೆಯಲು ಕಲ್ಲು, ಗುಡಿಗೂ ಕಲ್ಲು. ಸೂಳಗಿರಿಗೆ ಹತ್ತಿರದಲ್ಲೇ ಮಲ್ಲಚಂದ್ರಂ ಅಂತ ಒಂದು ಊರಿದೆ. ಅಲ್ಲಿನ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಜನ ಕಟ್ಟಿದ ಕಲ್ಲುಗೋರಿಗಳಿವೆ. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಪುಟ್ಟ ಮನೆಗಳ ಹಾಗೆ ಕಾಣುತ್ತವೆ. ಇಂಥವನ್ನು ನಮ್ಮ ಕಡೆ ಪಾಂಡವರ ಮನೆ ಅನ್ನುವುದುಂಟು. ಎರಡು ಸಾವಿರ ವರ್ಷಕ್ಕೂ ಹಿಂದಿನ ಆ ಜನರ ಉಪಾಯ ಸರಳ: ಎರಡು ಕಲ್ಲು ನಿಲ್ಲಿಸು, ಒಂದು ಕಲ್ಲು ಮಲಗಿಸು. ನಮ್ಮ ಹಳೆಯ ಗುಡಿಗಳ ಕಂಬ ತೊಲೆಗಳದ್ದೂ ಇದೇ ಉಪಾಯ.

ಆದರೆ ಮಲಗಿದ ಕಲ್ಲಿಗೆ ಒಂದು ಕಷ್ಟವಿದೆ. ಮನೆಯಲ್ಲಿ ಪಾತ್ರೆ ತೊಳೆಯುವ ಸ್ಪಂಜು ಇದ್ದರೆ ತನ್ನಿ. ಅದರ ಪಕ್ಕದ ಅಂಚಿನ ಮೇಲೆ ಪೆನ್ನಿನಿಂದ ಐದಾರು ನೆಟ್ಟನೆಯ ಗೆರೆ ಎಳೆಯಿರಿ. ಎರಡು ಪುಸ್ತಕಗಳ ನಡುವೆ ಸೇತುವೆಯ ಹಾಗೆ ಇಟ್ಟು ನಡುವೆ ಬೆರಳಿನಿಂದ ಒತ್ತಿ. ಗೆರೆಗಳ ಮೇಲಿನ ತುದಿಗಳು ಹತ್ತಿರ ಬರುತ್ತವೆ, ಕೆಳಗಿನ ತುದಿಗಳು ದೂರ ಸರಿಯುತ್ತವೆ. ಅಂದರೆ ಮೇಲ್ಭಾಗ ಒತ್ತಿಸಿಕೊಳ್ಳುತ್ತಿದೆ, ಕೆಳಭಾಗ ಎಳೆಸಿಕೊಳ್ಳುತ್ತಿದೆ. ಕಲ್ಲು ಒತ್ತುವುದನ್ನು ಚೆನ್ನಾಗಿ ತಾಳುತ್ತದೆ, ಎಳೆಯುವುದನ್ನು ಅಷ್ಟಾಗಿ ತಾಳುವುದಿಲ್ಲ. ಸೀಮೆಸುಣ್ಣದ ಕಡ್ಡಿಯೂ ಹಾಗೇ: ಎರಡು ತುದಿ ಹಿಡಿದು ಬಗ್ಗಿಸಿದರೆ ಟಕ್ ಅಂತ ಮುರಿಯುತ್ತದೆ, ಅದೇ ಕಡ್ಡಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿಂದ ಒತ್ತಿದರೆ ಜಗ್ಗುವುದಿಲ್ಲ. ಹಳೆಯ ಕಲ್ಲುಮಂಟಪಗಳಲ್ಲಿ ಕಂಬಗಳು ಯಾಕೆ ಅಷ್ಟು ಒತ್ತೊತ್ತಾಗಿ ನಿಂತಿರುತ್ತವೆ ಅಂತ ಈಗ ಗೊತ್ತಾಯಿತಲ್ಲ? ಕಲ್ಲಿನ ತೊಲೆಯನ್ನು ತುಂಬ ಉದ್ದ ಚಾಚಲಾಗದು.

ಕಮಾನು ಹುಟ್ಟಿದ್ದು ಈ ಕಷ್ಟಕ್ಕೆ ಪರಿಹಾರವಾಗಿ. ಸಣ್ಣ ಸಣ್ಣ ಕಲ್ಲು ಅಥವಾ ಇಟ್ಟಿಗೆಗಳನ್ನು ಬಾಗಿದ ಸಾಲಿನಲ್ಲಿ ಜೋಡಿಸಿದರೆ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ. ಎಳೆತವೇ ಇಲ್ಲ, ಬರೀ ಒತ್ತಡ. ಕಟ್ಟುವಾಗ ಕೆಳಗೆ ಮರದ ಸೆಂಟ್ರಿಂಗ್, ಅಂದರೆ ತಾತ್ಕಾಲಿಕ ಆಸರೆ, ಕೊಟ್ಟಿರುತ್ತಾರೆ. ನೆತ್ತಿಯ ಕಲ್ಲು ಕೂತು ಗಾರೆ ಗಟ್ಟಿಯಾದ ಮೇಲೆ ಸೆಂಟ್ರಿಂಗ್ ತೆಗೆದರೆ ಕಮಾನು ತನ್ನ ಭಾರಕ್ಕೆ ತಾನೇ ಬಿಗಿದುಕೊಂಡು ನಿಲ್ಲುತ್ತದೆ. ಶಾಲೆಯ ಮೈದಾನದಲ್ಲಿ ನೀವೇ ಕಮಾನಾಗಿ ನೋಡಿ. ಒಂದೇ ಎತ್ತರದ ಇಬ್ಬರು ಎದುರುಬದುರು ನಿಂತು ಅಂಗೈಗೆ ಅಂಗೈ ಕೊಟ್ಟು, ಕಾಲು ಹಿಂದೆ ಹಿಂದೆ ಸರಿಸಿ ಒಬ್ಬರ ಮೇಲೊಬ್ಬರು ವಾಲಿ. ಸ್ವಲ್ಪ ಹೊತ್ತಿಗೆ ಪಾದ ಜಾರತೊಡಗುತ್ತದೆ. ಇನ್ನಿಬ್ಬರು ಬಂದು ಅವರ ಹಿಮ್ಮಡಿಗೆ ತಮ್ಮ ಪಾದ ಒತ್ತಿ ಹಿಡಿದರೆ ಜಾರುವುದು ನಿಲ್ಲುತ್ತದೆ. ಕಮಾನು ಯಾವಾಗಲೂ ತನ್ನ ಕಾಲನ್ನು ಹೊರಕ್ಕೆ ನೂಕುತ್ತಲೇ ಇರುತ್ತದೆ, ಯಾರಾದರೂ ತಡೆಯಬೇಕು. ಅಜ್ಜಿಯ ಮನೆಯ ಗೂಡಿನಲ್ಲಿ ಆ ತಡೆ ಹಾಕುತ್ತಿದ್ದುದು ಮೊಳ ದಪ್ಪದ ಗೋಡೆ.

ಇನ್ನು ಮೂಲೆಗೆ ಬರೋಣ. ಚೌಕುಳಿ ಗೆರೆಗಳ ಗಣಿತದ ಪುಸ್ತಕ ತೆಗೆಯಿರಿ. 20 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಒಂದು ಆಯತ ಬರೆಯಿರಿ. ಅದರೊಳಗೆ ಕೈವಾರದಿಂದ ಅರ್ಧವೃತ್ತ ಎಳೆಯಿರಿ, ನೆತ್ತಿ ಮೇಲಿನ ಗೆರೆಗೆ ತಾಗುವ ಹಾಗೆ. ಆಯತದ ವಿಸ್ತೀರ್ಣ 200 ಚದರ ಸೆಂಟಿಮೀಟರ್. ಅರ್ಧವೃತ್ತದ್ದು ಸುಮಾರು 157. ಉಳಿದದ್ದು 43. ಎರಡು ಹೆಗಲುಮೂಲೆಗೆ ಹಂಚಿದರೆ ಒಂದಕ್ಕೆ ಇಪ್ಪತ್ತೊಂದೂವರೆ. ಅಂದರೆ ಆಯತದ ಐದನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಜಾಗ, ನೂರಕ್ಕೆ 21.5ರಷ್ಟು, ಮೂಲೆಗಳ ಪಾಲು.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಸಂಗತಿ ಇದೆ. ಒಂದು ದೊಡ್ಡ ಕಮಾನಿನ ಬದಲು ಅದೇ ಪುಸ್ತಕದಲ್ಲಿ ನಾಲ್ಕು ಪುಟ್ಟ ಕಮಾನುಗಳನ್ನು ಸಾಲಾಗಿ ಬರೆಯಿರಿ, ಒಂದೊಂದೂ 5 ಸೆಂಟಿಮೀಟರ್ ಅಗಲ, ಎರಡೂವರೆ ಎತ್ತರ. ಈಗ ಉಳಿದ ಜಾಗ ಲೆಕ್ಕ ಹಾಕಿ. ಮತ್ತೆ ನೂರಕ್ಕೆ 21.5! ನೂರು ಕಮಾನು ಬರೆದರೂ ಅಷ್ಟೇ. ಗೂಡಿನ ಕಮಾನಾಗಲಿ, ಕೋಟೆಬಾಗಿಲಿನ ಕಮಾನಾಗಲಿ, ಅರ್ಧವೃತ್ತವಾಗಿದ್ದರೆ ಮೂಲೆಯ ಪಾಲು ಬದಲಾಗುವುದಿಲ್ಲ. ನಾಲ್ಕಡಿ ಅಗಲದ, ಅಂದರೆ ಸುಮಾರು 120 ಸೆಂಟಿಮೀಟರಿನ ಬಾಗಿಲಿಗೆ ಕಮಾನು ಕಟ್ಟಿದರೆ ಒಂದೊಂದು ಹೆಗಲುಮೂಲೆಯೂ ಎ4 ಹಾಳೆಗಿಂತ ದೊಡ್ಡದಾಗಿರುತ್ತದೆ. ಕಣ್ಣಿಗೆ ನೇರವಾಗಿ ಬೀಳುವ ಜಾಗ, ಅಷ್ಟು ಅಗಲ ಖಾಲಿ. ಚಿತ್ರ ಬರೆಯುವ ಕೈ ಸುಮ್ಮನಿದ್ದೀತೇ?

ಆದರೆ ಅಲ್ಲಿ ಏನು ಬೇಕಾದರೂ ಬರೆಯಲಾಗುವುದಿಲ್ಲ. ಈ ಮೂಲೆ ಮೇಲೆ ಅಗಲ, ಕೆಳಗೆ ಹೋಗುತ್ತ ಹೋಗುತ್ತ ಸೂಜಿಮೊನೆ. ಒಂದು ಆನೆ ಬರೆದು ನೋಡಿ. ತಲೆ ಹಿಡಿಸಿದರೆ ಕಾಲು ಹಿಡಿಸುವುದಿಲ್ಲ. ಗಿಳಿ ಮಾತ್ರ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ, ಯಾಕೆಂದರೆ ಅದರ ಮೈಯೇ ಆ ಆಕಾರ: ಎದೆ ಅಗಲ, ಬಾಲ ಚೂಪು. ನವಿಲು ಕೂರುತ್ತದೆ. ಬಳ್ಳಿ ಎಲ್ಲಕ್ಕಿಂತ ಚೆನ್ನಾಗಿ ಕೂರುತ್ತದೆ, ಅಗಲವಿದ್ದಲ್ಲಿ ಹೂವು ಬಿಟ್ಟು ಇಕ್ಕಟ್ಟಿದ್ದಲ್ಲಿ ಎಳೆ ಚಿಗುರಾಗುತ್ತದೆ. ತಾಜಮಹಲಿನ ದೊಡ್ಡ ಕಮಾನಿನ ಹೆಗಲುಮೂಲೆಗಳನ್ನು ಫೋಟೋದಲ್ಲಿ ನೋಡಿ, ಬಣ್ಣದ ಕಲ್ಲು ಕೂಡಿಸಿ ಮಾಡಿದ ಹೂಬಳ್ಳಿ ಹೀಗೆಯೇ ಹರಡಿಕೊಂಡಿದೆ. ವಿಜಯಪುರದ ಆದಿಲಶಾಹಿ ಕಟ್ಟಡಗಳಲ್ಲಿ ಇನ್ನೊಂದು ಜಾಣತನ ಕಾಣುತ್ತದೆ. ಅಗಲ ಜಾಗದಲ್ಲಿ ದುಂಡನೆಯ ಒಂದು ಬಿಲ್ಲೆ, ಅದನ್ನು ಕೆಳಗಿನಿಂದ ಎತ್ತಿ ಹಿಡಿದಂತೆ ಬಾಗಿದ ಒಂದು ದಂಟು. ಬಿಲ್ಲೆ ಮೇಲಿನ ಅಗಲ ತುಂಬಿತು, ದಂಟು ಕೆಳಗಿನ ಇಕ್ಕಟ್ಟು ತುಂಬಿತು. ಊರು ಬೇರೆ, ಕಾಲ ಬೇರೆ, ಕೈ ಬೇರೆ. ಅಜ್ಜಿಯ ಗೋಡೆಗೆ ಗಿಳಿ ಬರೆದವರಿಗೂ ವಿಜಯಪುರದ ಕಲ್ಲುಕುಟಿಗರಿಗೂ ಮೂಲೆ ಹಾಕಿದ ಲೆಕ್ಕ ಒಂದೇ.

ಸೂಳಗಿರಿಯಿಂದ ಬಸ್ಸು ಹತ್ತಿ ಹೊಸೂರು, ಅತ್ತಿಬೆಲೆ ದಾಟಿ ಬೆಂಗಳೂರಿಗೆ ಹೋದರೆ ಕೃಷ್ಣರಾಜ ಮಾರುಕಟ್ಟೆಯ ಹತ್ತಿರ ಟಿಪ್ಪುವಿನ ಬೇಸಗೆ ಅರಮನೆ ಸಿಗುತ್ತದೆ. ಹೈದರಾಲಿ ಶುರುಮಾಡಿದ್ದನ್ನು ಟಿಪ್ಪು 1791ರಲ್ಲಿ ಮುಗಿಸಿದ. ತೇಗದ ಕಂಬಗಳು, ಕಂಬದ ನಡುನಡುವೆ ಹೂವಿನ ದಳದ ಹಾಗೆ ಅಂಚು ಕತ್ತರಿಸಿದ ಕಮಾನುಗಳು. ಅಲ್ಲಿ ಒಂದು ತಮಾಷೆ ಗಮನಿಸಿ. ಮರ ಕಲ್ಲಿನ ಹಾಗಲ್ಲ, ಎಳೆತವನ್ನೂ ತಾಳುತ್ತದೆ. ಆದ್ದರಿಂದ ಮರದ ತೊಲೆ ಮಲಗಿಕೊಂಡೇ ಭಾರ ಹೊರಬಲ್ಲದು. ಮರದ ಮನೆಗೆ ಕಮಾನು ಬೇಕೇ ಬೇಕು ಅಂತಿಲ್ಲ. ಕಲ್ಲು ಇಟ್ಟಿಗೆಗಳಿಗೆ ಅನಿವಾರ್ಯವಾಗಿದ್ದ ಆಕಾರ ಕಣ್ಣಿಗೆ ಅಷ್ಟು ರೂಢಿಯಾಗಿ, ಅಷ್ಟು ಪ್ರೀತಿಯಾಗಿ, ಮರದ ಅರಮನೆಯೊಳಗೂ ಬಂದು ನಿಂತಿತು. ಅದರ ಹಿಂದೆಯೇ ಹೆಗಲುಮೂಲೆಗಳೂ ಬಂದವು.

ಹಾಗಾದರೆ ಈ ಮೂಲೆ ಬರೀ ಚಿತ್ರಕ್ಕಾಗಿ ಉಳಿದ ಜಾಗವೇ? ಒಂದು ದಪ್ಪ ಡ್ರಾಯಿಂಗ್ ಹಾಳೆಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ. ಅದನ್ನು ಬಾಗಿಸಿ ಎರಡು ದಪ್ಪ ಪುಸ್ತಕಗಳ ನಡುವೆ ಕಮಾನಿನ ಹಾಗೆ ನಿಲ್ಲಿಸಿ. ನೆತ್ತಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿ. ನೆತ್ತಿ ತಗ್ಗುತ್ತದೆ, ಎರಡು ಪಕ್ಕೆ ಹೊರಕ್ಕೆ ಉಬ್ಬುತ್ತವೆ. ಈಗ ಗೆಳೆಯನಿಗೆ ಆ ಉಬ್ಬುವ ಪಕ್ಕೆಗಳನ್ನು ಎರಡು ಕೈಯಿಂದ ತಡೆದು ಹಿಡಿಯಲು ಹೇಳಿ, ಮತ್ತೆ ಒತ್ತಿ. ಪಟ್ಟಿ ಮೊದಲಿಗಿಂತ ಗಟ್ಟಿಯಾಯಿತು ಅನ್ನಿಸುತ್ತದೆ. ಗೆಳೆಯನ ಕೈ ಮಾಡಿದ ಕೆಲಸವನ್ನೇ ಕಟ್ಟಡದಲ್ಲಿ ಹೆಗಲುಮೂಲೆ ಮಾಡುತ್ತದೆ. ಅಲ್ಲಿ ತುಂಬಿದ ಕಲ್ಲುಮಣ್ಣಿನ ಭಾರ ಪಕ್ಕೆಗಳನ್ನು ಉಬ್ಬಲು ಬಿಡುವುದಿಲ್ಲ. ಗಿಳಿಯ ಹಿಂದೆ ಅಷ್ಟು ಹೊತ್ತೂ ಕೆಲಸ ನಡೆಯುತ್ತಲೇ ಇತ್ತು!

ಆದರೆ ಗೆಳೆಯ ಹುಮ್ಮಸ್ಸಿನಲ್ಲಿ ಪಕ್ಕೆಗಳನ್ನು ಜೋರಾಗಿ ಒತ್ತಿಬಿಟ್ಟರೆ? ನೀವು ನೆತ್ತಿಯಿಂದ ಬೆರಳು ತೆಗೆದ ಕೂಡಲೇ ಅದು ಮೇಲಕ್ಕೆ ಚಿಮ್ಮುತ್ತದೆ. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ಇದು ನಿಜವಾಗಿಯೇ ಆಯಿತು. ಅಲ್ಲಿ ವಿಲಿಯಂ ಎಡ್ವರ್ಡ್ಸ್ ಎಂಬಾತ ಪಾಂಟಿಪ್ರಿದ್ ಎಂಬಲ್ಲಿ ಟ್ಯಾಫ್ ನದಿಗೆ ಕಲ್ಲುಸೇತುವೆ ಕಟ್ಟುತ್ತಿದ್ದ. ಒಂದು ಸೇತುವೆ ಪ್ರವಾಹಕ್ಕೆ ಕೊಚ್ಚಿಹೋಯಿತು. ಆಮೇಲೆ ನದಿಯೊಳಗೆ ಕಂಬವೇ ಬೇಡ ಎಂದು ದಡದಿಂದ ದಡಕ್ಕೆ ಒಂದೇ ಕಮಾನು ಹಾರಿಸಿದ. ಅದರ ಹೆಗಲುಮೂಲೆಗಳ ಭಾರ ಹೆಚ್ಚಾಗಿ, ನೆತ್ತಿ ತೀರ ಹಗುರವಾಗಿ, ನೆತ್ತಿ ಮೇಲಕ್ಕೆದ್ದು ಸೇತುವೆ ಕುಸಿಯಿತು. ಎಡ್ವರ್ಡ್ಸ್ ಬಿಡಲಿಲ್ಲ. 1756ರಲ್ಲಿ ಮತ್ತೆ ಕಟ್ಟಿದ, ಸುಮಾರು 43 ಮೀಟರ್ ಅಗಲದ ಕಮಾನು. ಈ ಸಲ ಎರಡು ಹೆಗಲುಮೂಲೆಗೂ ಮೂರು ಮೂರು ದುಂಡನೆಯ ತೂತು ಬಿಟ್ಟ, ದೊಡ್ಡದು, ಮಧ್ಯಮದ್ದು, ಪುಟ್ಟದ್ದು. ತೂತು ಬಿಟ್ಟಷ್ಟು ಕಲ್ಲು ಕಡಿಮೆ, ಕಲ್ಲು ಕಡಿಮೆಯಾದಷ್ಟು ಭಾರ ಕಡಿಮೆ. ಆ ಸೇತುವೆ ಇವತ್ತಿಗೂ ನಿಂತಿದೆ. ಗೊತ್ತಿಲ್ಲದವರು ಆ ತೂತುಗಳನ್ನು ಅಲಂಕಾರ ಅಂದುಕೊಳ್ಳುತ್ತಾರೆ.

ಚೀನಾದಲ್ಲಿ ಲಿ ಚುನ್ ಎಂಬಾತ ಇದಕ್ಕೂ ಸಾವಿರದ ನೂರೈವತ್ತು ವರ್ಷ ಮೊದಲು, ಸುಮಾರು 605ರ ಹೊತ್ತಿಗೆ, ಝಾವೋಝೌ ಎಂಬಲ್ಲಿ ಇನ್ನೂ ಚೆಂದದ ಉಪಾಯ ಮಾಡಿ ಮುಗಿಸಿದ್ದ. ದೊಡ್ಡ ಕಮಾನಿನ ಹೆಗಲುಮೂಲೆಯನ್ನು ಕಲ್ಲಿನಿಂದ ತುಂಬುವ ಬದಲು ಅಲ್ಲೇ ಎರಡೆರಡು ಪುಟ್ಟ ಕಮಾನು ಕೂರಿಸಿದ. ಭಾರ ಇಳಿಯಿತು, ಹೊಳೆ ಉಕ್ಕಿ ಬಂದಾಗ ನೀರು ಹಾದುಹೋಗಲು ದಾರಿಯೂ ಆಯಿತು. ಪುಟ್ಟ ಕಮಾನು ಬಂದ ಮೇಲೆ ಅದಕ್ಕೂ ಪುಟ್ಟ ಹೆಗಲುಮೂಲೆ ಬಂತು ಅನ್ನಿ!

ಇಷ್ಟು ಹೊತ್ತು ನಾವು ಗೋಡೆಯಂತೆ ಚಪ್ಪಟೆಯಾದ ಮೂಲೆ ನೋಡಿದೆವು. ಚೌಕ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಿಸಿದರೆ ಇನ್ನೊಂದು ಬಗೆಯ ಮೂಲೆ ಹುಟ್ಟುತ್ತದೆ. ಅದನ್ನು ನೋಡಲು ಒಂದು ಮೂಸಂಬಿ ಸಾಕು, ಚಾಕು ಮಾತ್ರ ಮನೆಯ ದೊಡ್ಡವರ ಕೈಯಲ್ಲಿರಲಿ. ಅರ್ಧ ಮೂಸಂಬಿಯ ತಿರುಳು ತಿಂದು, ಬಟ್ಟಲಿನಂಥ ಸಿಪ್ಪೆಯನ್ನು ತಟ್ಟೆಯ ಮೇಲೆ ಬೋರಲು ಹಾಕಿ. ನಾಲ್ಕು ಪಕ್ಕವನ್ನು ನೇರವಾಗಿ ಕತ್ತರಿಸಿದರೆ ತಳ ಚೌಕವಾಗುತ್ತದೆ, ನಾಲ್ಕು ಕಡೆಯೂ ಕಮಾನು ಮೂಡುತ್ತದೆ. ಈಗ ಆ ಕಮಾನುಗಳ ನೆತ್ತಿಯ ಮಟ್ಟಕ್ಕೆ ಮೇಲಿನ ಟೋಪಿಯನ್ನು ಅಡ್ಡಲಾಗಿ ಕತ್ತರಿಸಿ ತೆಗೆಯಿರಿ. ಉಳಿದದ್ದು ನೋಡಿ: ಮೇಲೆ ದುಂಡನೆಯ ಬಾಯಿ, ಕೆಳಗೆ ಚೌಕದ ನಾಲ್ಕು ಕಾಲು, ನಡುವೆ ನಾಲ್ಕು ಬಾಗಿದ ತ್ರಿಕೋನ. ಆ ದುಂಡು ಬಾಯಿಯ ಮೇಲೆ ಗುಮ್ಮಟ ಕೂರುತ್ತದೆ, ಅದರ ಭಾರ ಆ ತ್ರಿಕೋನಗಳ ಮೂಲಕ ನಾಲ್ಕು ಕಾಲಿಗೆ ಇಳಿಯುತ್ತದೆ.

1656ರಲ್ಲಿ ಮುಗಿದ ವಿಜಯಪುರದ ಗೋಳಗುಮ್ಮಟದಲ್ಲಿ ನಮ್ಮವರು ಇದನ್ನು ಇನ್ನೂ ಮುಂದಕ್ಕೆ ಒಯ್ದರು. ರಂಗೋಲಿಯಲ್ಲಿ ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿ ಬರೆದರೆ ಎಂಟು ಮೊನೆಯ ನಕ್ಷತ್ರ ಬರುತ್ತದಲ್ಲ? ಆ ರಂಗೋಲಿಯನ್ನೇ ಆಕಾಶಕ್ಕೆ ಎತ್ತಿದ ಹಾಗೆ ಎಂಟು ಕಮಾನುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಹೆಣೆದಲ್ಲೆಲ್ಲ ಉಳಿದ ಬಾಗಿದ ಮೂಲೆಗಳು ಒಳಕ್ಕೆ ಚಾಚಿ, ಹೊರಗೆ ಅಳೆದರೆ ಸುಮಾರು 44 ಮೀಟರ್ ಅಡ್ಡಳತೆಯ ಗುಮ್ಮಟವನ್ನು ಹೊತ್ತಿವೆ. ಒಳಗೆ ನಡುವೆ ಒಂದೇ ಒಂದು ಕಂಬವಿಲ್ಲ. ಅಲ್ಲಿಗೆ ಹೋದವರೆಲ್ಲ ಪಿಸುಗುಟ್ಟುವ ಮೊಗಸಾಲೆಯಲ್ಲಿ ಕೂಗಿ ಬರುತ್ತಾರೆ. ನೀವು ಹೋದಾಗ ಕೂಗುವ ಮೊದಲು ಒಮ್ಮೆ ಕೆಳಗೆ ನೆಲದ ಮೇಲೆ ನಿಂತು ಕತ್ತು ಎತ್ತಿ ಆ ಮೂಲೆಗಳನ್ನು ನೋಡಿ.

ಇಟಲಿಯ ವೆನಿಸ್ ಪಟ್ಟಣದ ಸಂತ ಮಾರ್ಕನ ಚರ್ಚಿನಲ್ಲೂ ಗುಮ್ಮಟದ ಕೆಳಗೆ ಇಂಥ ನಾಲ್ಕು ಬಾಗಿದ ತ್ರಿಕೋನಗಳಿವೆ. ಹೊಳೆಯುವ ಬಣ್ಣದ ಚೂರುಗಳನ್ನು ಕೂಡಿಸಿ ಅಲ್ಲಿ ಚಿತ್ರ ಮಾಡಿದ್ದಾರೆ. ಅಗಲ ಜಾಗದಲ್ಲಿ ಒಬ್ಬೊಬ್ಬ ಸಂತ, ಅವನ ಕಾಲ ಕೆಳಗೆ ಮೂಲೆ ಸಣ್ಣಗಾಗುವಲ್ಲಿ ಒಂದೊಂದು ನದಿಯ ರೂಪದ ಮನುಷ್ಯ, ಹೂಜಿಯಿಂದ ನೀರು ಸುರಿಯುತ್ತ. ನೀರಿನ ಧಾರೆ ಚೂಪು ಮೊನೆಗೆ ಸರಿಹೋಯಿತು. ನಮ್ಮ ಗಿಳಿಯ ಬಾಲದ ಹಾಗೆ!

1979ರಲ್ಲಿ ಇಬ್ಬರು ಜೀವವಿಜ್ಞಾನಿಗಳು ಈ ಮೂಲೆಗಳನ್ನೇ ಹಿಡಿದುಕೊಂಡು ಒಂದು ಲೇಖನ ಬರೆದರು. ಬಸವನಹುಳುಗಳ ಚಿಪ್ಪು, ಹಳೆಯ ಜೀವಿಗಳ ಪಳೆಯುಳಿಕೆ ಅಭ್ಯಾಸ ಮಾಡುತ್ತಿದ್ದ ಸ್ಟೀಫನ್ ಜೇ ಗೂಲ್ಡ್ ಒಬ್ಬರು, ಹಣ್ಣುನೊಣಗಳ ತಳಿಗುಣ ಅಭ್ಯಾಸ ಮಾಡುತ್ತಿದ್ದ ರಿಚರ್ಡ್ ಲೆವಾಂಟಿನ್ ಇನ್ನೊಬ್ಬರು. ಚಿತ್ರಗಳು ಮೂಲೆಗೆ ಎಷ್ಟು ಚೆನ್ನಾಗಿ ಹೊಂದಿವೆಯೆಂದರೆ, ನೋಡಿದವರಿಗೆ ಚಿತ್ರಕ್ಕಾಗಿಯೇ ಮೂಲೆ ಮಾಡಿದರು ಅನ್ನಿಸಬಹುದು. ಆದರೆ ನಡೆದದ್ದು ಹಿಂದುಮುಂದು. ಗುಮ್ಮಟಕ್ಕಾಗಿ ಕಮಾನು, ಕಮಾನಿನ ಜೊತೆಗೆ ಮೂಲೆ, ಮೂಲೆ ಇದೆಯಲ್ಲ ಅಂತ ಚಿತ್ರ. ಜೀವಿಗಳ ಮೈಯನ್ನು ನೋಡುವಾಗಲೂ ನಾವು ಇದೇ ತಪ್ಪು ಮಾಡುತ್ತೇವಲ್ಲ ಎಂದು ಅವರು ಕೇಳಿದರು. ಮೂಗು ಯಾಕಿದೆ, ಬಾಲ ಯಾಕಿದೆ, ಈ ಬಣ್ಣ ಯಾಕಿದೆ ಅಂತ ಎಲ್ಲದಕ್ಕೂ "ಇದು ಇಂಥದ್ದಕ್ಕಾಗಿ" ಎಂದು ಉತ್ತರ ಹೇಳಿಬಿಡುತ್ತೇವೆ. ಕೆಲವು ಸಂಗತಿಗಳು ಯಾವುದಕ್ಕಾಗಿಯೂ ಬಂದಿರಲಿಕ್ಕಿಲ್ಲ. ಬೇರೆ ಏನೋ ಬರುವಾಗ ಅದರ ಬೆನ್ನಿಗೆ ಬಂದಿರಬಹುದು.

ಎದೆಯ ಮೇಲೆ ಕೈಯಿಟ್ಟು ನೋಡಿ. ಲಬ್ ಡಬ್, ಲಬ್ ಡಬ್. ಹೃದಯದ ಕೆಲಸ ರಕ್ತ ನೂಕುವುದು. ಒಳಗಿನ ಕವಾಟಗಳು ಮುಚ್ಚುವಾಗ ಆ ಸದ್ದು ಬರುತ್ತದೆ. ಸದ್ದು ಮಾಡಲಿ ಅಂತ ಹೃದಯ ಹುಟ್ಟಿಲ್ಲ, ಆದರೂ ಡಾಕ್ಟರು ಸ್ಟೆತಸ್ಕೋಪ್ ಇಟ್ಟು ಕೇಳುವುದು ಅದನ್ನೇ. ಸದ್ದು ಮೂಲೆಯಾದರೆ, ಡಾಕ್ಟರ ಕಿವಿ ಅದರಲ್ಲಿ ಬಂದು ಕೂತ ಗಿಳಿ. ಮೊಣಕಾಲು ತರಚಿದಾಗ ಕಾಣುವ ಕೆಂಪು? ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಎಂಬ ಕಬ್ಬಿಣ ಸೇರಿದ ಪದಾರ್ಥದ ಬಣ್ಣ ಅದು. ಹೊರುವುದು ಅದರ ಕೆಲಸ, ಕೆಂಪು ಜೊತೆಗೆ ಬಂದದ್ದು.

ಬಸವನಹುಳುವಿನ ಚಿಪ್ಪು ಇನ್ನೂ ಸೊಗಸು. ಚಿಪ್ಪು ಸುರುಳಿ ಸುತ್ತುತ್ತ ಬೆಳೆಯುತ್ತದೆ, ಚಕ್ಕುಲಿಯ ಹಿಟ್ಟು ಸುತ್ತುವ ಹಾಗೆ, ಆದರೆ ಮೇಲಿಂದ ಕೆಳಕ್ಕೆ ಇಳಿಯುತ್ತ. ಸುತ್ತುಗಳು ಬಿಗಿಯಾಗಿ ಕೂಡದಿದ್ದರೆ ನಡುವೆ ಒಂದು ಗುಳಿ ಉಳಿಯುತ್ತದೆ. ಚಿಪ್ಪನ್ನು ತಿರುಗಿಸಿ ಕೆಳಗಿನಿಂದ ನೋಡಿದರೆ ಕಾಣುತ್ತದೆ, ಹೊಕ್ಕುಳಿನ ಹಾಗೆ. ಅದನ್ನು ಯಾವ ಹುಳುವೂ ಬೇಕೆಂದು ಕೊರೆದದ್ದಲ್ಲ. ಆದರೆ ಕೆಲವು ಜಾತಿಯ ಬಸವನಹುಳುಗಳು ಆ ಗುಳಿಯಲ್ಲೇ ಮೊಟ್ಟೆಗಳನ್ನು ಇಟ್ಟು ಕಾಪಾಡುತ್ತವೆ. ನಮ್ಮ ಗದ್ದವೂ ಹೀಗೆಯೇ ತಾನಾಗಿ ಬಂದ ಮೂಲೆಯೋ, ಅಥವಾ ಅದಕ್ಕೆ ತನ್ನದೇ ಕೆಲಸವಿತ್ತೋ ಎಂದು ವಿಜ್ಞಾನಿಗಳು ಇನ್ನೂ ಚರ್ಚೆ ಮಾಡುತ್ತಿದ್ದಾರೆ. ಕನ್ನಡಿಯ ಮುಂದೆ ನಿಂತು ಮುಟ್ಟಿ ನೋಡಿಕೊಳ್ಳಿ. ಚಿಂಪಾಂಜಿಗೆ ಇಂಥ ಚಾಚಿದ ಗದ್ದವಿಲ್ಲ.

ಗೂಲ್ಡ್, ಲೆವಾಂಟಿನ್ ಹೇಳಿದ್ದನ್ನು ಎಲ್ಲರೂ ತಲೆಯಾಡಿಸಿ ಒಪ್ಪಲಿಲ್ಲ. ಹಳೆಯ ಕಟ್ಟಡಗಳ ಬಲಾಬಲ ಪರೀಕ್ಷೆ ಮಾಡುತ್ತಿದ್ದ ರಾಬರ್ಟ್ ಮಾರ್ಕ್ ಎಂಬ ಎಂಜಿನಿಯರ್ 1996ರಲ್ಲಿ, ವೆನಿಸಿನ ಆ ಬಾಗಿದ ಮೂಲೆಗಳು ಸುಮ್ಮನೆ ಉಳಿದ ಜಾಗವಲ್ಲ, ಗುಮ್ಮಟ ನಿಲ್ಲಲು ಅವು ಬೇಕು ಎಂದು ವಾದಿಸಿದರು. ಕಾಗದದ ಪಟ್ಟಿ ಒತ್ತಿ ನೋಡಿದ ನಿಮಗೆ ಆ ಮಾತಿನಲ್ಲಿ ತಿರುಳಿದೆ ಅನ್ನಿಸುತ್ತದೆ ಅಲ್ಲವೇ? ನನಗೂ ಅನ್ನಿಸುತ್ತದೆ. ಒಂದು ಮೂಲೆ ತಾನಾಗಿ ಬಂದಿರಬಹುದು, ಬಂದ ಮೇಲೆ ಭಾರವನ್ನೂ ಹೊರಬಹುದು, ಗಿಳಿಯನ್ನೂ ಕೂರಿಸಿಕೊಳ್ಳಬಹುದು. ಒಂದಾದರೆ ಇನ್ನೊಂದು ಆಗಬಾರದು ಅಂತ ಏನೂ ಇಲ್ಲ. ಆದರೆ ಯಾವುದು ಮೊದಲು ಬಂತು, ಯಾವುದು ಆಮೇಲೆ ಸೇರಿತು ಅಂತ ಕೇಳದೆ ಬಿಡಬಾರದು. ಮೇಸ್ತ್ರಿ ತಾತ ಕರಣೆ ಕೆಳಗಿಟ್ಟು ನನಗೆ ಹೇಳಿಕೊಟ್ಟದ್ದು ಅಷ್ಟನ್ನೇ.

ಕಳೆದ ವರ್ಷ ಊರಿಗೆ ಹೋದಾಗ ತಂಗಿಯ ಮಗಳನ್ನು ಕರೆದುಕೊಂಡು ಹೋಗಿದ್ದೆ. ಇಬ್ಬರೂ ಟೇಪು ಹಿಡಿದು ಗೂಡು ಅಳೆದೆವು. ಅಗಲ 24 ಸೆಂಟಿಮೀಟರ್. ಅವಳೇ ಲೆಕ್ಕ ಹಾಕಿದಳು: ಒಂದೊಂದು ಮೂಲೆಗೆ ಸುಮಾರು 31 ಚದರ ಸೆಂಟಿಮೀಟರ್, ಹೆಚ್ಚುಕಡಿಮೆ ಎರಡು ಬೆಂಕಿಪೊಟ್ಟಣ ಅಕ್ಕಪಕ್ಕ ಮಲಗಿಸಿದಷ್ಟು. ಎಡಗಡೆಯ ಗಿಳಿಯ ಹಸಿರು ಮಾಸಿತ್ತು, ಕೊಕ್ಕಿನ ಕೆಂಪು ಹಾಗೇ ಇತ್ತು. ಬಲಗಡೆಯದರ ತಲೆಯೇ ಕಾಣಲಿಲ್ಲ. ಗಾರೆಪಟ್ಟಿ ಗೋಡೆಗೆ ಸೇರುವ ಸಂದಿನಲ್ಲಿ ಕುಂಬಾರಹುಳ ಮಣ್ಣಿನ ಗೂಡು ಕಟ್ಟಿತ್ತು, ಗಿಳಿಯ ಕತ್ತಿನಿಂದ ಮೇಲಕ್ಕೆ.

"ದೊಡ್ಡಮ್ಮ, ಗೋಡೆಯೊಳಗೆ ಗೂಡು, ಗೂಡಿನ ಮೂಲೆಗೆ ಇನ್ನೊಂದು ಗೂಡು!" ಅಂದಳು. ಕೆರೆದು ತೆಗೆಯಲು ಕಡ್ಡಿ ಹುಡುಕಲಿಲ್ಲ, ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು. ಮಣ್ಣು ಒಂದು ಕಡೆ ಇನ್ನೂ ಹಸಿಯಾಗಿತ್ತು. ಅಷ್ಟರಲ್ಲಿ ಕಿಟಕಿಯಿಂದ ಸದ್ದು ಬಂತು. ಹುಳ ಕಾಳುಮೆಣಸಿನಷ್ಟು ದಪ್ಪದ ಇನ್ನೊಂದು ಮಣ್ಣುಂಡೆ ಹಿಡಿದು ಬರುತ್ತಿತ್ತು. ನಾವಿಬ್ಬರೂ ಒಂದು ಹೆಜ್ಜೆ ಹಿಂದೆ ಸರಿದು ಅದಕ್ಕೆ ದಾರಿ ಬಿಟ್ಟೆವು.